ಕುಪ್ಯದ ಕಪ್ಪಿನಲ್ಲಿ ದಾರಿ ಕಾಣದೆ

ಫೋಟೋ ತಿದ್ದುವ ತಂತ್ರಾಂಶ ಮಾಡುವವರಲ್ಲಿ ಒಬ್ಬನನ್ನಾದರೂ ಒಂದು ಮಳೆಗಾಲವಿಡೀ ಮಡಿಕೇರಿಯ ನನ್ನ ಸ್ಟುಡಿಯೋದಲ್ಲಿ ಕೂರಿಸಬೇಕು. ಜೂನ್ ಬಂತೆಂದರೆ ಕೊಡವರ ಹಿರಿಯರ ಮನೆಗಳಾದ ಐನ್‌ಮನೆಗಳ ಗೋಡೆಗೆ ತೇವ ಏರಿ ಹಳೆಯ ಫೋಟೋಗಳಿಗೆ ಬೂಷ್ಟು ಹಿಡಿಯುತ್ತದೆ. ಚೌಕಟ್ಟಿನ ಸಮೇತ ಅವು ನನ್ನ ಮೇಜಿಗೆ ಬರುತ್ತವೆ. ಬೂಷ್ಟಿನ ಮೇಲೆ ನನಗೆ ಸಿಟ್ಟಿಲ್ಲ, ಅದರಿಂದಲೇ ನನ್ನ ಮನೆಯ ಅಕ್ಕಿ ಬೇಯುತ್ತದೆ. ಸಿಟ್ಟೆಲ್ಲ ಹಿಗ್ಗಿಸಿದ ಚಿತ್ರದೊಳಗೆ ಓಡಾಡಲು ಇವರು ಕೊಟ್ಟಿರುವ ವ್ಯವಸ್ಥೆಯ ಮೇಲೆ.

ಲೆಕ್ಕ ಹಾಕಿ ನೋಡಿ. 10 ಇಂಚು ಅಗಲ, 8 ಇಂಚು ಎತ್ತರದ ಒಂದು ಒಕ್ಕದ, ಅಂದರೆ ಒಂದೇ ಮನೆತನದವರ, ಗುಂಪು ಫೋಟೋ. ಇಂಚಿಗೆ 600 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ 6000 × 4800 ಪಿಕ್ಸೆಲ್. ಸಣ್ಣ ಕಲೆಗಳನ್ನು ನೀಟಾಗಿ ತೆಗೆಯಬೇಕೆಂದರೆ ಶೇ. 300ಕ್ಕೆ ಹಿಗ್ಗಿಸಲೇಬೇಕು. ಆಗ 1920 × 1080 ಪರದೆಯಲ್ಲಿ ಒಮ್ಮೆಗೆ ಕಾಣುವುದು 640 × 360 ಪಿಕ್ಸೆಲ್ ಮಾತ್ರ. ಅಂದರೆ ಒಂದೇ ಫೋಟೋದಲ್ಲಿ 140 ತುಂಡುಗಳು! ಅಕ್ಕಪಕ್ಕದ ಪಟ್ಟಿಗಳು ನುಂಗುವ ಜಾಗ ಬೇರೆ.

ಗುಂಪಿನಲ್ಲಿ ಗಂಡಸರೆಲ್ಲ ಕುಪ್ಯ ಎಂಬ ಕಪ್ಪು ನಿಲುವಂಗಿ ತೊಟ್ಟು ನಿಂತಿರುತ್ತಾರೆ. ಹಿಗ್ಗಿಸಿದ ಮೇಲೆ ಎಲ್ಲಿ ನೋಡಿದರೂ ಕಪ್ಪು ಬಟ್ಟೆಯೇ. ಇದು ಯಾರ ಎದೆ, ಎಷ್ಟನೆಯ ಸಾಲು, ಒಂದೂ ತಿಳಿಯುವುದಿಲ್ಲ. ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯ ಹಿಡಿ ಕಂಡರೆ ಸೊಂಟದ ಹತ್ತಿರ ಬಂದೆನೆಂದು ಊಹಿಸಬೇಕು. ಮಂಜು ಕವಿದ ಸಂಪಾಜೆ ಘಾಟಿಯಲ್ಲಾದರೂ ಒಂದು ಕೈಮರ ಸಿಗುತ್ತದೆ. ಅಷ್ಟರಲ್ಲಿ ಬೆನ್ನ ಹಿಂದೆ ನಿಂತ ಗಿರಾಕಿ, ‘ಅಣ್ಣಾ, ಸ್ವಲ್ಪ ಬಲಕ್ಕೆ ಹೋಗಿ, ನಮ್ಮ ಅಜ್ಜ ಅಲ್ಲೇ ಇದ್ದಾರೆ’ ಎನ್ನುತ್ತಾರೆ. ಬಲಕ್ಕೆ ಹೋಗುವುದೇ ಇಲ್ಲಿ ದೊಡ್ಡ ಕಥೆ ಎಂದು ಅವರಿಗೆ ಹೇಗೆ ವಿವರಿಸಲಿ?

ಮೌಸಿನ ಚಕ್ರ ತಿರುಗಿಸಿದರೆ ಚಿತ್ರ ಮೇಲೆ ಕೆಳಗೆ ಹೋಗುತ್ತದೆ. ಕಂಟ್ರೋಲ್ ಒತ್ತಿ ತಿರುಗಿಸಿದರೆ ಸ್ಟುಡಿಯೋದ ತಂತ್ರಾಂಶದಲ್ಲಿ ಪಕ್ಕಕ್ಕೆ ಸರಿಯುತ್ತದೆ, ಮನೆಯ ಲ್ಯಾಪ್‌ಟಾಪಿನಲ್ಲಿರುವ ಇನ್ನೊಂದರಲ್ಲಿ ಹಿಗ್ಗುತ್ತದೆ. ಹಗಲು ಒಂದು ಪದ್ಧತಿ, ರಾತ್ರಿ ಇನ್ನೊಂದು. ಸ್ಪೇಸ್ ಬಾರ್ ಒತ್ತಿ ಹಿಡಿದು ಚಿತ್ರವನ್ನು ಎಳೆಯಬಹುದು, ನಿಜ. ಆದರೆ ಅಂಚಿನಲ್ಲಿ ಹೆಸರು ಬರೆಯುತ್ತಿರುವಾಗ ಅದೇ ಕೀಲಿ ಒತ್ತಿದರೆ ಹೆಸರಿನ ನಡುವೆ ಖಾಲಿ ಜಾಗ ಬೀಳುತ್ತದೆ. ನ್ಯಾವಿಗೇಟರ್ ಎಂಬ ಪುಟ್ಟ ಕಿಟಕಿಯೊಂದಿದೆ. ಅದರೊಳಗಿನ ಕೆಂಪು ಚೌಕವನ್ನು ಒಂದು ಕೂದಲೆಳೆ ಸರಿಸಿದರೆ ಇಲ್ಲಿ ಮೂವರು ಬಂಧುಗಳನ್ನು ದಾಟಿರುತ್ತೇನೆ.

ಹೊಟ್ಟೆ ಉರಿಯುವ ಸಂಗತಿ ಇನ್ನೂ ಇದೆ. ಸ್ಟುಡಿಯೋದ ತಂತ್ರಾಂಶದಲ್ಲಿ ಹೋಮ್ ಒತ್ತಿದರೆ ಚಿತ್ರದ ಎಡ ಮೇಲ್ಮೂಲೆಗೆ ಹೋಗುತ್ತದೆ. ಪೇಜ್ ಡೌನ್ ಒತ್ತಿದರೆ ಸರಿಯಾಗಿ ಒಂದು ಪರದೆಯಷ್ಟು ಕೆಳಗೆ, ಅದನ್ನೇ ಕಂಟ್ರೋಲ್ ಜೊತೆ ಒತ್ತಿದರೆ ಒಂದು ಪರದೆಯಷ್ಟು ಬಲಕ್ಕೆ. ಗದ್ದೆಯಲ್ಲಿ ಸಾಲು ಹಿಡಿದು ನಡೆದ ಹಾಗೆ ಒಂದು ತುಂಡೂ ಬಿಡದೆ ಮುಗಿಸಬಹುದು. ಇಷ್ಟು ಒಳ್ಳೆಯ ಸೌಲಭ್ಯ, ಆದರೆ ಯಾವ ಮೆನುವಿನಲ್ಲೂ ಅದರ ಸುಳಿವಿಲ್ಲ! ನಿಧಿಯೇ, ಹೂತಿಡಲು? ಅದೂ ಪೂರ್ತಿ ಉಪಯೋಗಕ್ಕೆ ಬರುವುದಿಲ್ಲ. ನಡುವೆ ಕರೆಂಟ್ ಹೋದರೆ, ಅಥವಾ ಇಡೀ ಚಿತ್ರ ನೋಡಲೆಂದು ಒಮ್ಮೆ ಹಿಂದಕ್ಕೆ ಬಂದರೆ, ಎಲ್ಲಿಯವರೆಗೆ ಮುಗಿದಿತ್ತು ಎಂದು ಅದು ನೆನಪಿಡುವುದಿಲ್ಲ. ನಾನು ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಚೌಕಗಳನ್ನು ಎಳೆದು ಗೀಟು ಹಾಕುತ್ತಿದ್ದೇನೆ, ಕಂಪ್ಯೂಟರಿನ ಮುಂದೆಯೇ ಕುಳಿತು.

ಹೊಸ ಆವೃತ್ತಿ ಬಂದಾಗಲೆಲ್ಲ ಆಕಾಶ ಬದಲಿಸುವ ಗುಂಡಿ, ಇಲ್ಲದ ನಗುವನ್ನು ಮುಖಕ್ಕೆ ಅಂಟಿಸುವ ಗುಂಡಿ. ಯಾರ ಮುತ್ತಜ್ಜನಿಗೆ ಬೇಕಾಗಿತ್ತು ಅದು? ತಿದ್ದಿ ಮುಗಿಸಿದ ತುಂಡಿಗೆ ಬೇರೆ ಬಣ್ಣ ಬಳಿದು ತೋರಿಸಿ. ಬಾಡಿಗೆಯ ಹಾಗೆ ಪ್ರತಿ ತಿಂಗಳೂ ಹಣ ಕಟ್ಟುತ್ತಿದ್ದೇನೆ, ಬಿಟ್ಟಿ ಕೇಳುತ್ತಿಲ್ಲ.