ಬೇಲ್ ಸಿಕ್ಕಿತು, ಪಹಣಿ ಸಿಗಲಿಲ್ಲ

ಬೇಲ್ ಆಯ್ತು ಅಂದರೆ ಮನುಷ್ಯ ಹೊರಗೆ ಬಂದ ಅಂತಲೇ ನಾವೆಲ್ಲ ಅಂದುಕೊಳ್ಳುತ್ತೇವೆ. ಟಿವಿಯಲ್ಲೂ ಹಾಗೇ ತೋರಿಸುತ್ತಾರೆ. ಬೇಲ್ ಮಂಜೂರು, ಮರುಕ್ಷಣ ಜೈಲಿನ ಗೇಟು, ಹಾರ, ಪಟಾಕಿ. ದುಡ್ಡು, ಜನ ಎರಡೂ ಇದ್ದವರ ಕೇಸಿನಲ್ಲಿ ಅದು ಹೆಚ್ಚುಕಮ್ಮಿ ನಿಜ. ಉಳಿದವರಿಗೆ ಜಡ್ಜ್ ಸಹಿ ಬಿದ್ದ ಮೇಲೆಯೇ ಅಸಲಿ ಓಡಾಟ ಶುರು.

ನಮ್ಮದು ತಾಲ್ಲೂಕು ಕೋರ್ಟ್ ಎದುರಿಗೆ ಝೆರಾಕ್ಸ್, ಡಿಟಿಪಿ ಅಂಗಡಿ. ನಾನು ವಕೀಲ ಅಲ್ಲ. ಆದರೆ ಇಲ್ಲಿನ ಬೇಲ್ ಕಾಗದಗಳಲ್ಲಿ ಅರ್ಧಕ್ಕರ್ಧ ನಮ್ಮ ಮಷಿನ್ ಮೇಲೇ ಹಾದು ಹೋಗುತ್ತವೆ. ಆ ಧೈರ್ಯದಿಂದ ಹೇಳುತ್ತಿದ್ದೇನೆ. ನಮ್ಮಲ್ಲಿ ಬೇಲ್ ಕೊಡುವುದು ಕೋರ್ಟು, ಬಾಗಿಲು ತೆಗೆಸುವುದು ಪಹಣಿ, ಅಂದರೆ ಜಮೀನು ಯಾರ ಹೆಸರಲ್ಲಿದೆ ಅಂತ ತೋರಿಸುವ ಕಾಗದ. ಪಹಣಿ ಇರುವ ನೆಂಟ ಇಲ್ಲದವನು ಬೇಲ್ ಆದೇಶ ಬಂದ ಮೇಲೂ ಒಳಗೇ ಕೂತಿರುತ್ತಾನೆ. ಹಾಗೆ ಕೂರಿಸಿ ಅಂತ ಯಾವ ಕಾನೂನೂ ಹೇಳಿಲ್ಲ.

ಹಿಡಿದ ಮೇಲೆ ಏನೇನಾಗುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಮನೆಯವರಿಗೆ ಆ ಹೊತ್ತಿನಲ್ಲಿ ತಲೆಯೇ ಓಡುವುದಿಲ್ಲ. ಸ್ಟೇಷನ್‌ನಲ್ಲಿ ಅರೆಸ್ಟ್ ಮೆಮೊ ಬರೆಯಬೇಕು, ಅದಕ್ಕೆ ಸಾಕ್ಷಿ ಸಹಿ ಬೇಕು. ಯಾಕೆ ಹಿಡಿದಿದ್ದೇವೆ ಅಂತ ತಿಳಿಸಬೇಕು. ಮನೆಯವರಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸಬೇಕು. ಡಾಕ್ಟರ್ ಹತ್ತಿರ ತಪಾಸಣೆ ಮಾಡಿಸಬೇಕು. ದಾರಿಯ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಭಾನುವಾರವಾದರೆ ಜಡ್ಜ್ ಮನೆಗೇ ಕರೆದುಕೊಂಡು ಹೋಗುತ್ತಾರೆ. ಅಲ್ಲಿಂದ ಪೊಲೀಸ್ ಕಸ್ಟಡಿ, ಇಲ್ಲವೇ ನ್ಯಾಯಾಂಗ ಬಂಧನ. ನಮ್ಮ ಕೋರ್ಟ್ ಕಾಂಪೌಂಡಿನ ಮಾತಿನಲ್ಲಿ ಪಿ.ಸಿ., ಜೆ.ಸಿ.

ಜೆ.ಸಿ. ಅಂದರೆ ಜೈಲು. ಅಲ್ಲಿ ವಾರೆಂಟ್ ನೋಡಿ, ಹೆಸರು, ತಂದೆ ಹೆಸರು, ಎತ್ತರ, ಮೈಮೇಲಿನ ಮಚ್ಚೆ, ಹಳೆ ಗಾಯ ಎಲ್ಲ ಬರೆದುಕೊಳ್ಳುತ್ತಾರೆ. ಜೇಬಿನಲ್ಲಿದ್ದದ್ದು ಎಣಿಸಿ ತೆಗೆದಿಡುತ್ತಾರೆ. ಆಮೇಲೆ ವಿಚಾರಣಾಧೀನ ಕೈದಿ ನಂಬರ್. 2024ರಲ್ಲಿ ನಟ ದರ್ಶನ್ ಪರಪ್ಪನ ಅಗ್ರಹಾರಕ್ಕೆ ಹೋದಾಗ ಸಿಕ್ಕ 6106 ನಮಗೆಲ್ಲ ಬಾಯಿಪಾಠ. ಅಭಿಮಾನಿಗಳು ಅದನ್ನು ಗಾಡಿ ಮೇಲೆ ಬರೆಸಿಕೊಂಡರು. ಉಳಿದವರ ನಂಬರ್ ಅವರ ಹೆಂಡತಿಗೂ ನೆನಪಿರುವುದಿಲ್ಲ. ಸಂದರ್ಶನದ ಚೀಟಿ ಬರೆಸುವಾಗ ಪರದಾಡುತ್ತಾರೆ.

ಎಲ್ಲ ಕೇಸಿಗೂ ಜೈಲೇ ಆಗಬೇಕು ಅಂತಿಲ್ಲ. ಬೇಲಬಲ್ ಕೇಸಾದರೆ, ಅಂದರೆ ಕಾನೂನೇ ಜಾಮೀನು ಕೊಡಲೇಬೇಕು ಅನ್ನುವ ಕೇಸಾದರೆ, ಸ್ಟೇಷನ್‌ನಲ್ಲೇ ಬಿಡಬೇಕು, ಅದು ಹಕ್ಕು. ಏಳು ವರ್ಷದವರೆಗೆ ಶಿಕ್ಷೆ ಇರುವ ಕೇಸುಗಳಲ್ಲಿ ಕಾರಣ ಬರೆಯದೆ ಸುಮ್ನೆ ಅರೆಸ್ಟ್ ಮಾಡಬೇಡಿ, ನೋಟಿಸ್ ಕೊಟ್ಟು ಕರೆಸಿ ಅಂತ ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ಕೇಸಿನಲ್ಲೇ ಹೇಳಿದೆ. 2024ರ ಜುಲೈ 1ರಿಂದ ಬಂದಿರುವ ಹೊಸ ಕಾನೂನು ಬಿಎನ್‌ಎಸ್‌ಎಸ್‌ನಲ್ಲೂ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಆ ನೋಟಿಸ್ ಹಾಗೇ ಇದೆ, 35ನೇ ಸೆಕ್ಷನ್. ಪಾಲನೆ ಎಷ್ಟು ಅನ್ನುವುದು ಬೇರೆ ಕಥೆ.

ಈಗ ಬೇಲ್ ಆದೇಶಕ್ಕೆ ಬರೋಣ. ನಾನು ಓದಿದ ಆದೇಶಗಳ ಕೊನೆಯ ಪುಟ ಸಾಮಾನ್ಯವಾಗಿ ಹೀಗಿರುತ್ತದೆ: ಆರೋಪಿ 50,000 ರೂಪಾಯಿಯ ಸ್ವಂತ ಬಾಂಡ್ ಬರೆದುಕೊಟ್ಟು, ಅಷ್ಟೇ ಮೊತ್ತಕ್ಕೆ ಒಬ್ಬರು ಅಥವಾ ಇಬ್ಬರು ಶೂರಿಟಿ, ಅಂದರೆ ಜಾಮೀನು ನಿಲ್ಲುವವರನ್ನು ಕೊಟ್ಟರೆ ಬಿಡುಗಡೆ. ಮೇಲೆ ಇನ್ನೂ ನಾಲ್ಕೈದು ಷರತ್ತು.

ಇಲ್ಲೇ ಜನ ಮೊದಲು ಎಡವುವುದು. ಒಬ್ಬ ತಾಯಿ, ಅವರ ದೊಡ್ಡ ಮಗ ಆದೇಶದ ಕಾಪಿ ಹಿಡಿದು ಅಂಗಡಿಗೆ ಬಂದರು. ಓದಿ ಹೇಳಪ್ಪಾ ಅಂದರು. ಓದಿದೆ. "ಐವತ್ತು ಸಾವಿರ ಯಾವ ಕೌಂಟರ್‌ನಲ್ಲಿ ಕಟ್ಟಬೇಕು?" ಅಂತ ಆ ಹುಡುಗ ಕೇಳಿದ. ತಾಯಿಯ ಕಿವಿ ಬರಿದಾಗಿತ್ತು. ಬೆಳಿಗ್ಗೆಯೇ ಓಲೆ, ಸರ ಎಲ್ಲ ಫೈನಾನ್ಸ್‌ನಲ್ಲಿಟ್ಟು ಬಂದಿದ್ದರು. ಬಡ್ಡಿ ಆಗಲೇ ಓಡುತ್ತಿತ್ತು. ಆ ದುಡ್ಡು ಕಟ್ಟಬೇಕಾಗಿಯೇ ಇರಲಿಲ್ಲ. ಬಾಂಡ್ ಅಂದರೆ ಮಾತು ಕೊಡುವುದು ಅಷ್ಟೇ. ಆರೋಪಿ ಹೇಳದೆ ಕೇಳದೆ ತಪ್ಪಿಸಿಕೊಂಡರೆ ಆಗ ಕಟ್ಟುತ್ತೇವೆ ಅಂತ ಬರೆದುಕೊಡುವುದು. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಐವತ್ತು ಸಾವಿರ ರೆಡಿ ಮಾಡಿಕೊಳ್ಳಿ ಅಂತ ಮಾತ್ರ ಯಾರೋ ಹೇಳಿದ್ದರು. ಆ ಯಾರೋ ಯಾಕೆ ಹಾಗೆ ಹೇಳಿದ ಅಂತ ನೀವೇ ಊಹಿಸಿ.

ಆಮೇಲೆ ಶೂರಿಟಿ. ಈ ಭಾಗಕ್ಕೇ ನನ್ನ ಹೊಟ್ಟೆ ಉರಿಯುವುದು.

ಶೂರಿಟಿ ಅಂದರೆ ಜಮೀನಿರುವವರು ಅಂತಲೇ ಎಲ್ಲರ ತಲೆಯಲ್ಲಿ ಕೂತಿದೆ. ಪಹಣಿ, ಎಂಆರ್ ಕಾಪಿ (ಖಾತೆ ಬದಲಾವಣೆಯ ದಾಖಲೆ), ಆಧಾರ್, ಫೋಟೊ. ಪೇಟೆಯವರಾದರೆ ಖಾತೆ, ಕಂದಾಯ ಕಟ್ಟಿದ ರಸೀದಿ. ಸರ್ಕಾರಿ ನೌಕರರಾದರೆ ಸಂಬಳದ ಚೀಟಿ, ಆದರೆ ಅವರು ಕೋರ್ಟ್ ಅಂದ ಕೂಡಲೇ ಫೋನೇ ಎತ್ತುವುದಿಲ್ಲ. ಹಾಗಾಗಿ ಹಳ್ಳಿಯ ಚಿಕ್ಕಪ್ಪನೇ ಗತಿ. ಚಿಕ್ಕಪ್ಪ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತಾರೆ, ಬಗಲಲ್ಲಿ ಪ್ಲಾಸ್ಟಿಕ್ ಕವರ್. ಮೂರೆಕರೆ ಉಳುತ್ತಾರೆ, ಅದರಲ್ಲಿ ಸುಳ್ಳೇನಿಲ್ಲ. ಆದರೆ ಪಹಣಿ ತೆಗೆದರೆ ಹೆಸರು ತೀರಿಹೋದ ಅವರಪ್ಪನದು. ಪೌತಿ ಖಾತೆ, ಅಂದರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ ಬರುವುದು, ಆಗಿಯೇ ಇಲ್ಲ. ಇದು ಒಂದೆರಡು ಮನೆಯ ಕಥೆಯಲ್ಲ. ಸರ್ಕಾರ ಪೌತಿ ಖಾತೆ ಆಂದೋಲನ ಅಂತಲೇ ನಡೆಸಬೇಕಾಗಿ ಬಂತು ಅಂದರೆ ನೋಡಿ. ಖಾತೆ ಆಗಿದ್ದರೂ ಅಣ್ಣತಮ್ಮಂದಿರ ಜಂಟಿ ಹೆಸರು, ಅದರಲ್ಲಿ ಒಬ್ಬ ಪುಣೆಯಲ್ಲಿ. ಅದೂ ಸರಿಯಿದ್ದರೆ ಪಹಣಿಯಲ್ಲಿ ಸಣ್ಣಯ್ಯ, ಆಧಾರ್‌ನಲ್ಲಿ ಸಣ್ಣಪ್ಪ. ಅದೂ ಸರಿಯಿದ್ದರೆ ಬೆಳೆ ಸಾಲದ ನಮೂದು. ಸರ್ಕಾರಿ ಜಮೀನನ್ನು ಮಂಜೂರಾತಿ ಇಲ್ಲದೆ ಉಳುವ ಬಗರ್ ಹುಕುಂನವರ ಮಾತು ಬಿಡಿ, ಅವರ ಹತ್ತಿರ ಅರ್ಜಿ ಕೊಟ್ಟ ರಸೀದಿ ಬಿಟ್ಟು ಬೇರೇನಿದೆ?

ಕಾಗದ ಎಲ್ಲ ಸರಿಯಾದ ಮೇಲೆ ಚಿಕ್ಕಪ್ಪ ಕಟಕಟೆಯ ಹತ್ತಿರ ನಿಲ್ಲಬೇಕು. ಆರೋಪಿ ನಿಮಗೆ ಏನಾಗಬೇಕು? ಎಷ್ಟು ವರ್ಷದಿಂದ ಗೊತ್ತು? ಬೇರೆ ಯಾರಿಗಾದರೂ ಜಾಮೀನು ನಿಂತಿದ್ದೀರಾ? ಅವನು ಬರದಿದ್ದರೆ ದುಡ್ಡು ನೀವು ಕಟ್ಟಬೇಕು, ಗೊತ್ತಿದೆಯಾ? ಕೊನೆಯ ಪ್ರಶ್ನೆಗೆ ಅವರ ಮುಖ ಬಿಳಿಚಿಕೊಳ್ಳುತ್ತದೆ. ಇಷ್ಟು ಕೇಳಿ ಎದ್ದು ಹೋದವರನ್ನೂ ನೋಡಿದ್ದೇನೆ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಎಲ್ಲ ಮುಗಿದು ಬಿಡುಗಡೆ ಆದೇಶ ಹೊರಟರೂ ಸಂಜೆ ಎಣಿಕೆ ಮುಗಿದು ಬೀಗ ಬಿದ್ದ ಮೇಲೆ ಜೈಲು ತಲುಪಿದರೆ ಮರುದಿನವೇ ಗತಿ. ಇದು ದೊಡ್ಡವರನ್ನೂ ಬಿಟ್ಟಿಲ್ಲ. 2021ರ ಅಕ್ಟೋಬರ್‌ನಲ್ಲಿ ನಟ ಶಾರುಖ್ ಖಾನ್ ಮಗ ಆರ್ಯನ್ ಖಾನ್‌ಗೆ ಬಾಂಬೆ ಹೈಕೋರ್ಟ್ ಬೇಲ್ ಕೊಟ್ಟಿದ್ದು 28ಕ್ಕೆ, ಹೊರಗೆ ಬಂದಿದ್ದು 30ಕ್ಕೆ. ಆರ್ಥರ್ ರೋಡ್ ಜೈಲಿನ ಬೇಲ್ ಆದೇಶ ಹಾಕುವ ಪೆಟ್ಟಿಗೆಗೆ ಕಾಗದ ಹೊತ್ತಿಗೆ ಸರಿಯಾಗಿ ಬೀಳಲಿಲ್ಲ ಅಂತ ಒಂದು ರಾತ್ರಿ ಜಾಸ್ತಿ ಆಯಿತು. ಅವನಿಗೆ ಶೂರಿಟಿ ನಿಂತಿದ್ದು ನಟಿ ಜೂಹಿ ಚಾವ್ಲಾ. ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಬಂದ ಯಾದಗಿರಿ ಹುಡುಗನನ್ನು ಜಗಳದ ಕೇಸಲ್ಲಿ ಒಳಗೆ ಹಾಕಿದರೆ ಯಾರು ನಿಲ್ಲುತ್ತಾರೆ? ಮೇಸ್ತ್ರಿ ಅವತ್ತೇ ಬೇರೆ ಹುಡುಗನನ್ನು ಕರೆಸಿಕೊಂಡಿರುತ್ತಾನೆ.

ಈ ಸಂದಿಯಲ್ಲಿ ನುಗ್ಗುವವನೇ ದಲ್ಲಾಳಿ. "ಶೂರಿಟಿ ಬೇಕಾ ಸಾರ್?" ದುಡ್ಡು ಕೊಟ್ಟರೆ ಮುಖ ನೋಡದವನಿಗೂ ಮಾವ ಆಗುವವರನ್ನು ತಂದು ನಿಲ್ಲಿಸುತ್ತಾನೆ. ನಕಲಿ ಆಧಾರ್, ನಕಲಿ ಪಹಣಿ ಇಟ್ಟುಕೊಂಡು ಜಾಮೀನು ನಿಲ್ಲುವ ಗುಂಪುಗಳನ್ನು ಹಿಡಿದ ಸುದ್ದಿ ಬೆಂಗಳೂರಿನ ಪೇಪರ್‌ಗಳಲ್ಲಿ ಆಗಾಗ ಬರುತ್ತದೆ. ಅದನ್ನು ನೋಡಿ ಕೋರ್ಟುಗಳು ಇನ್ನಷ್ಟು ಬಿಗಿ ಮಾಡುತ್ತವೆ. ಬಿಗಿ ಮಾಡಿದಷ್ಟೂ ನಿಜವಾದ ಚಿಕ್ಕಪ್ಪ ಒದ್ದಾಡುತ್ತಾರೆ, ದಲ್ಲಾಳಿಯ ರೇಟು ಏರುತ್ತದೆ. ಜಡ್ಜ್‌ಗಳ ಭಯ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆ ಭಯಕ್ಕೆ ಪಹಣಿ ಮದ್ದಲ್ಲ ಅಂತಿದ್ದೇನೆ. ಓಡಿ ಹೋಗುವವನು ಚಿಕ್ಕಪ್ಪನ ಮೂರೆಕರೆ ನೆನೆಸಿಕೊಂಡು ನಿಲ್ಲುವುದಿಲ್ಲ.

ಇದು ನಾನು ಕಂಡುಹಿಡಿದ ಮಾತೇನಲ್ಲ. 1978ರಲ್ಲಿ ಮೋತಿರಾಮ್ ಅನ್ನುವ ಮಧ್ಯಪ್ರದೇಶದ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟೇ ಬೇಲ್ ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟ್ 10,000 ರೂಪಾಯಿಯ ಶೂರಿಟಿ ಕೇಳಿದರು. ಅಣ್ಣತಮ್ಮ ನಿಲ್ಲಲು ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ವಾಪಸ್ ಕಳಿಸಿದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದಕ್ಕೆ ಕೆರಳಿ ಒಂದು ಪ್ರಶ್ನೆ ಕೇಳಿದರು: ಒಬ್ಬ ಮಲಯಾಳಿಯೋ ಕನ್ನಡಿಗನೋ ಬಸ್ತರ್‌ನಲ್ಲೋ ಪೋರ್ಟ್ ಬ್ಲೇರ್‌ನಲ್ಲೋ ಚಾಂದನಿ ಚೌಕದಲ್ಲೋ ಸಿಕ್ಕಿಬಿದ್ದರೆ, ಅಲ್ಲಿ ಆಸ್ತಿ ಇರುವ ಜಾಮೀನುದಾರರನ್ನು ಎಲ್ಲಿಂದ ತರಬೇಕು? ಮೋತಿರಾಮ್ ಕೊನೆಗೆ 1,000 ರೂಪಾಯಿಯ ಸ್ವಂತ ಬಾಂಡ್ ಮೇಲೆ ಬಿಡುಗಡೆಯಾದ. ಮರುವರ್ಷ ಬಿಹಾರದ ಕೈದಿಗಳ ಹುಸೈನಾರಾ ಖಾತೂನ್ ಕೇಸಿನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ, ನ್ಯೂಯಾರ್ಕ್‌ನ ಮ್ಯಾನ್‌ಹಟನ್ ಬೇಲ್ ಪ್ರಾಜೆಕ್ಟ್ ತೋರಿಸಿ, ದುಡ್ಡಿನ ಭದ್ರತೆ ಇಲ್ಲದೆಯೂ ಜನ ಕೋರ್ಟಿಗೆ ಬರುತ್ತಾರೆ ಅಂದರು. ಊರಲ್ಲಿ ಬೇರು ಇರುವವನು ಬರುತ್ತಾನೆ. ಕೆಲಸ, ಮನೆ, ಹೆಂಡತಿ ಮಕ್ಕಳು ನೋಡಿ ಅಂತ ಅರ್ಥ.

ಅಮೆರಿಕ ಅಂದ ಮೇಲೆ ಇದನ್ನೂ ಹೇಳಬೇಕು. ಅಲ್ಲಿ ಜಾಮೀನು ನಿಲ್ಲುವುದೇ ಬೋರ್ಡ್ ಹಾಕಿಕೊಂಡು ಮಾಡುವ ವ್ಯಾಪಾರ. ಕೋರ್ಟ್ ಹೇಳಿದ ಮೊತ್ತದ ಸುಮಾರು 10% ಏಜೆಂಟ್‌ಗೆ ಕೊಟ್ಟರೆ ಅವನು ಶೂರಿಟಿ. ಕೇಸು ಬಿದ್ದುಹೋದರೂ ಆ ದುಡ್ಡು ವಾಪಸ್ ಇಲ್ಲ. ಅದೂ ಇಲ್ಲದವರು ಒಳಗೇ. ಕಲೀಫ್ ಬ್ರೌಡರ್ ಅನ್ನುವ 16 ವರ್ಷದ ಹುಡುಗನನ್ನು 2010ರಲ್ಲಿ ಬ್ಯಾಗ್ ಕದ್ದ ಆರೋಪದಲ್ಲಿ ಹಿಡಿದರು. ಮೊದಲು 3,000 ಡಾಲರ್ ಹೊಂದಿಸಲಾಗಲಿಲ್ಲ, ಆಮೇಲೆ ಬೇಲೇ ಸಿಗಲಿಲ್ಲ, ರೈಕರ್ಸ್ ದ್ವೀಪದ ಜೈಲಿನಲ್ಲಿ ಮೂರು ವರ್ಷ ಕೊಳೆತ. ವಿಚಾರಣೆಯೇ ಆಗದೆ ಕೇಸು ಕೈಬಿಟ್ಟರು. 2015ರಲ್ಲಿ ಪ್ರಾಣ ಕಳೆದುಕೊಂಡ. 2023ರ ಸೆಪ್ಟೆಂಬರ್‌ನಲ್ಲಿ ಇಲಿನಾಯ್ ರಾಜ್ಯ ದುಡ್ಡಿನ ಬೇಲನ್ನೇ ಪೂರ್ತಿ ತೆಗೆದುಹಾಕಿತು. ನಮ್ಮಲ್ಲಿ ದುಡ್ಡು ತಗೊಂಡು ಜಾಮೀನು ನಿಲ್ಲುವ ಕರಾರಿಗೆ ಕಾನೂನಿನ ಮಾನ್ಯತೆಯೇ ಇಲ್ಲ. ಆದರೂ ವ್ಯಾಪಾರ ನಡೆಯುತ್ತದೆ, ಬೋರ್ಡ್ ಇಲ್ಲ, ರಸೀದಿ ಇಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಜೈಲುಗಳಲ್ಲಿ ಇರುವವರಲ್ಲಿ ನೂರಕ್ಕೆ ಸುಮಾರು 75 ಜನ ವಿಚಾರಣಾಧೀನರು. ತಪ್ಪು ಮಾಡಿದ್ದಾರೋ ಇಲ್ಲವೋ ಇನ್ನೂ ತೀರ್ಮಾನವೇ ಆಗಿಲ್ಲ. ಬೇಲ್ ಆದೇಶ ಬಂದೂ ಒಳಗಿರುವವರ ಬಗ್ಗೆ ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಸ್ಪಷ್ಟವಾಗಿ ಹೇಳಿದೆ. ಆದೇಶದ ಪ್ರತಿ ಅವತ್ತೇ ಅಥವಾ ಮರುದಿನ ಜೈಲಿಗೆ ಇಮೇಲ್ ಆಗಬೇಕು. ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಶೂರಿಟಿ ಸಿಗದಿದ್ದರೆ ಕೋರ್ಟ್ ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ಯೋಚಿಸಬಹುದು. ಸ್ಥಳೀಯ ಶೂರಿಟಿಯೇ ಬೇಕು ಅನ್ನುವ ಹಟ ಬೇಡ. 2024ರ ಆಗಸ್ಟ್‌ನಲ್ಲಿ ಗಿರೀಶ್ ಗಾಂಧಿ ಕೇಸಿನಲ್ಲಿ, ಹಲವು ಕೇಸುಗಳಿರುವ ಒಬ್ಬನಿಗೆ ಪ್ರತಿ ಕೇಸಿಗೂ ಬೇರೆ ಬೇರೆ ಶೂರಿಟಿ ತರುವುದು ಆಗದ ಮಾತು ಅಂತ ಹೇಳಿ, ಅದೇ ಜಾಮೀನುದಾರರು ಎಲ್ಲದಕ್ಕೂ ಸಾಕು ಅಂದರು. ಶೂರಿಟಿ ನಿಲ್ಲುವವರು ಹತ್ತಿರದ ನೆಂಟರೋ ಹಳೆಯ ಸ್ನೇಹಿತರೋ ಆಗಿರುತ್ತಾರೆ, ಕ್ರಿಮಿನಲ್ ಕೇಸು ಅಂದರೆ ಆ ಬಳಗವೂ ಕಿರಿದಾಗುತ್ತದೆ, ಯಾಕೆಂದರೆ ಮಾನ ಹೋಗುತ್ತದೆ ಅಂತ ಜನ ಹೇಳಿಕೊಳ್ಳುವುದೇ ಇಲ್ಲ ಅನ್ನುವುದನ್ನೂ ಆ ತೀರ್ಪು ಗಮನಿಸಿದೆ. ದಿಲ್ಲಿಯಲ್ಲಿ ಕೂತವರಿಗೂ ನಮ್ಮೂರಿನ ಸಂಗತಿ ಗೊತ್ತು ಅನ್ನಿಸಿತು.

ಇಷ್ಟೆಲ್ಲ ಇದ್ದೂ ಕೆಳಗೆ ನಡೆಯುವುದು ಪಹಣಿ ತಾ ಅನ್ನುವುದೇ. ಯಾಕೆಂದರೆ ಬೇರೆ ದಾರಿ ಇದೆ ಅಂತ ಕೇಳುವವರೇ ಕಡಿಮೆ. ಬಿಎನ್‌ಎಸ್‌ಎಸ್ 490ರ ಪ್ರಕಾರ ಶೂರಿಟಿ ಬದಲು ನಗದು ಇಡುತ್ತೇವೆ ಅಂತ ಕೋರಬಹುದು, ಕೇಸು ಮುಗಿದ ಮೇಲೆ ಅದು ವಾಪಸ್ ಬರುತ್ತದೆ. 484ರಲ್ಲಿ ಬಾಂಡ್ ಮೊತ್ತ ಅತಿಯಾಗಬಾರದು ಅಂತಿದೆ, ಕಡಿಮೆ ಮಾಡಿಸಬಹುದು. ಬೇಲಬಲ್ ಕೇಸಿನಲ್ಲಿ ಒಂದು ವಾರದಲ್ಲಿ ಜಾಮೀನು ಕೊಡಲಾಗದಿದ್ದರೆ ಅವನನ್ನು ಬಡವ ಅಂತಲೇ ತಿಳಿದು ಸ್ವಂತ ಬಾಂಡ್ ಮೇಲೆ ಬಿಡಬೇಕು, 478. ಬಡ ಕೈದಿಗಳ ನೆರವಿಗೆ ಕೇಂದ್ರದ ಯೋಜನೆ 2023ರಿಂದ ಇದೆ, ಶುರುವಾದಾಗ ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ ಇತ್ತು. ನಿಮ್ಮ ವಕೀಲರು ಇದ್ಯಾವುದನ್ನೂ ಎತ್ತದಿದ್ದರೆ ನೀವೇ ಎತ್ತಿ. ವಕೀಲರೇ ಇಲ್ಲದಿದ್ದರೆ ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಸಮಿತಿ ಆಫೀಸ್ ಇರುತ್ತದೆ, ಫೀಸಿಲ್ಲದೆ ವಕೀಲರನ್ನು ಕೊಡುತ್ತಾರೆ. ನಗದು ಇಡುವ ದಾರಿಯೂ ದುಡ್ಡಿದ್ದವರಿಗೇ ಸಲೀಸು, ಒಪ್ಪುತ್ತೇನೆ. ಅದಕ್ಕೇ ಸಣ್ಣ ಕೇಸುಗಳಲ್ಲಿ, ಮನೆಮಠ ಇರುವವರಿಗೆ, ಸ್ವಂತ ಬಾಂಡೇ ಮೊದಲ ದಾರಿ ಆಗಬೇಕು. ಪಹಣಿ ಕೊನೆಯದಾಗಲಿ.

ಅಲ್ಲಿಯವರೆಗೆ ಯಾರಾದರೂ ನಿಲ್ಲಲೇಬೇಕಲ್ವಾ? ಅಂಗಡಿಗೆ ಬರುವ ಚಿಕ್ಕಪ್ಪಂದಿರು ಎಲ್ಲರೂ ಕೇಳುವುದು ಒಂದೇ: ನನ್ನ ಜಮೀನು ಹೋಗುತ್ತಾ? ಹಾಗೆ ದಿಢೀರಂತ ಹೋಗುವುದಿಲ್ಲ. ಆರೋಪಿ ತಪ್ಪಿಸಿಕೊಂಡರೆ ಕೋರ್ಟ್ ಬಾಂಡ್ ಮುಟ್ಟುಗೋಲು ಹಾಕಿ, ಯಾಕೆ ದಂಡ ಕಟ್ಟಬಾರದು ಅಂತ ನೋಟಿಸ್ ಕೊಡುತ್ತದೆ. ನೀವು ಕಾರಣ ಹೇಳಬಹುದು, ಮೊತ್ತ ಕಡಿಮೆ ಮಾಡುವ ಅಧಿಕಾರ ಕೋರ್ಟಿಗಿದೆ. ಆದರೆ ನೋಟಿಸ್ ಬಂದಾಗ ಮುಚ್ಚಿಟ್ಟು ಕೂರಬೇಡಿ. ಕಟ್ಟದೆ, ವಸೂಲಿಯೂ ಆಗದೆ ಹೋದರೆ ಆರು ತಿಂಗಳವರೆಗೆ ಸಿವಿಲ್ ಜೈಲು ಇದೆ. ಇನ್ನು ಹುಡುಗನ ನಡೆ ಸರಿ ಕಾಣದಿದ್ದರೆ, ಮಧ್ಯದಲ್ಲೇ ನನ್ನನ್ನು ಬಿಡಿಸಿ ಅಂತ ಬಿಎನ್‌ಎಸ್‌ಎಸ್ 489ರ ಕೆಳಗೆ ಅರ್ಜಿ ಹಾಕಬಹುದು. ಕೋರ್ಟ್ ಅವನನ್ನು ಕರೆಸಿ ಬೇರೆ ಶೂರಿಟಿ ತಾ ಅನ್ನುತ್ತದೆ, ನಿಮ್ಮ ಬಾಂಡ್ ಅಲ್ಲಿಗೆ ರದ್ದು. ಇದಕ್ಕೆಲ್ಲ ಕೇಸ್ ನಂಬರ್ ಬೇಕು. ಹಾಗಾಗಿ ಸಹಿ ಹಾಕಿದ ದಿನವೇ ಬಾಂಡಿನದೊಂದು ಝೆರಾಕ್ಸ್ ಮಾಡಿಸಿ ಮನೆಯಲ್ಲಿಡಿ. ನಮ್ಮ ಅಂಗಡಿಯಲ್ಲೇ ಮಾಡಿಸಬೇಕು ಅಂತೇನಿಲ್ಲ.