ಅಣ್ಣನ ಬೆರಳಿನ ಕಲೆ

ದೀಪಾವಳಿಯ ವಿಶೇಷಾಂಕಗಳು ಕೈಗೆ ಬಂದೊಡನೆ ನಾನು ಕಥೆ, ಕವಿತೆ, ವರ್ಷಭವಿಷ್ಯಗಳನ್ನೆಲ್ಲ ದಾಟಿಕೊಂಡು ಹೋಗಿ ಮೊದಲು ಹುಡುಕುವುದು, ಹೆಸರು ಮಾಡಿದವರು ತಮ್ಮ ಬದುಕಿನ ಅತ್ಯಂತ ಹಳೆಯ ನೆನಪನ್ನು ಹೇಳಿಕೊಂಡಿರುವ ಪುಟವನ್ನು. ನಮ್ಮ ಶಿರಸಿಯ ಕಡೆ ಆ ಹೊತ್ತಿಗೆ ಮಳೆ ಹಿಂದೆ ಸರಿದು ಕೊನೆಕೊಯ್ಲಿನ ಮಾತು ಶುರುವಾಗಿರುತ್ತದೆ. ಜಗಲಿಯಲ್ಲಿ ಕುಳಿತು ಕವಳ ಹಾಕುತ್ತ ಓದುವುದಕ್ಕೆ ಅದಕ್ಕಿಂತ ಒಳ್ಳೆಯ ಪುಟ ಇನ್ನೊಂದಿಲ್ಲ. ಆದರೆ ವರ್ಷ ವರ್ಷ ಓದಿದ ಮೇಲೆ ನನಗೊಂದು ಗುಮಾನಿ ಹುಟ್ಟಿದೆ. ಗಾಯಕನಿಗೆ ಎಲ್ಲಕ್ಕಿಂತ ಮೊದಲು ನೆನಪಿರುವುದು ತಾಯಿಯ ಜೋಗುಳದ ಶ್ರುತಿ, ಕ್ರಿಕೆಟ್ ಆಟಗಾರನಿಗೆ ತೆಂಗಿನ ಹೆಡೆಯ ಬ್ಯಾಟು, ರಾಜಕಾರಣಿಗೆ ಬಡವರ ಕಣ್ಣೀರು. ಮುಂದೆ ತಾನೇನಾಗಲಿದ್ದೇನೆಂದು ಮೂರು ವರ್ಷಕ್ಕೇ ತಿಳಿದು, ಅದಕ್ಕೆ ಒಪ್ಪುವ ನೆನಪೊಂದನ್ನೇ ಆರಿಸಿ ಗಂಟು ಕಟ್ಟಿಟ್ಟುಕೊಂಡ ಹಾಗೆ. ತನ್ನ ಮೂಗು ಸುರಿಯುತ್ತಿದ್ದುದು ಇವರಲ್ಲಿ ಒಬ್ಬರಿಗೂ ನೆನಪಿಲ್ಲ.

ಈ ಜಾತಿಯ ನೆನಪುಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದದ್ದು ಐನ್‌ಸ್ಟೈನರದು. ನಾಲ್ಕೋ ಐದೋ ವರ್ಷದವರಿದ್ದಾಗ ತಂದೆ ದಿಕ್ಸೂಚಿಯನ್ನು ತೋರಿಸಿದರಂತೆ. ಯಾರೂ ಮುಟ್ಟದೆ ಮುಳ್ಳು ಒಂದೇ ದಿಕ್ಕಿಗೆ ನಿಲ್ಲುವುದನ್ನು ಕಂಡು ಬೆರಗಾದ ಮಗುವಿಗೆ, ವಸ್ತುಗಳ ಹಿಂದೆ ಆಳದಲ್ಲಿ ಏನೋ ಅಡಗಿದೆ ಎನಿಸಿತಂತೆ. ಇದನ್ನು ಅವರು ಬರೆದದ್ದು 67ನೆಯ ವಯಸ್ಸಿನಲ್ಲಿ, ಮತ್ತು ಬರೆಯುವಾಗ ಹೀಗೆಂದು ನನಗೆ ನೆನಪಿದೆ, ಇಲ್ಲವೇ ನೆನಪಿದೆಯೆಂದು ನಂಬಿದ್ದೇನೆ ಎಂದು ನಡುವೆ ಒಂದು ಮಾತು ಸೇರಿಸಿದರು. ಅವರ ಕಥೆಯನ್ನು ಹೇಳುವವರು ದಿಕ್ಸೂಚಿಯನ್ನು ಇಟ್ಟುಕೊಂಡು ಈ ಮಾತನ್ನು ಬಿಟ್ಟುಬಿಡುತ್ತಾರೆ. ನನಗಾದರೋ ದಿಕ್ಸೂಚಿಗಿಂತ ಆ ಮಾತೇ ದೊಡ್ಡದಾಗಿ ಕಾಣುತ್ತದೆ. ಅದಕ್ಕೆ ಕಾರಣ ನಮ್ಮ ಮನೆಯದೇ ಒಂದು ಪ್ರಸಂಗ.

ನನ್ನ ಮೊದಲ ನೆನಪು ಆಲೆಮನೆಯದು. ಕೋಣಗಳು ಗಾಣ ಸುತ್ತುತ್ತಿವೆ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುತ್ತಿದೆ, ಒಲೆಯ ಹೊಗೆಗೆ ಕಣ್ಣು ಉರಿಯುತ್ತಿದೆ. ದೊಡ್ಡವರು ಮಂಡಕ್ಕಿ ಮೆಲ್ಲುತ್ತ ಮಾತಿನಲ್ಲಿ ಮೈಮರೆತಿದ್ದಾಗ ನಾನು ನೊರೆಬೆಲ್ಲಕ್ಕೆ ಆಸೆಪಟ್ಟು ಮರಿಗೆಗೆ ಬೆರಳು ಅದ್ದುತ್ತೇನೆ. ಆಮೇಲೆ ಕಿರುಚಾಟ, ಆಯಿಯ ಸೆರಗು, ಬೆರಳಿಗೆ ಬೆಣ್ಣೆ. ನಲವತ್ತು ವರ್ಷಗಳ ಕಾಲ ಇದನ್ನು ಹೆಂಡತಿಗೂ ಮಕ್ಕಳಿಗೂ ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತರಿಗೂ ಹೇಳಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಉಪನಯನದ ಮನೆಯಲ್ಲಿ ಇದೇ ಕಥೆ ನಡೆದಿದ್ದಾಗ, ಬತ್ತಿ ಹೊಸೆಯುತ್ತ ಕುಳಿತಿದ್ದ ಚಿಕ್ಕಮ್ಮ ತಲೆಯೆತ್ತದೆ ಹೇಳಿದಳು: “ಅದು ನೀನಲ್ಲ ತಮಾ, ನಿನ್ನ ಅಣ್ಣ. ಆವಾಗ ನೀ ಇನ್ನೂ ಹುಟ್ಟೇ ಇತ್ತಿಲ್ಲೆ.”

ನನ್ನ ಬೆರಳನ್ನು ನೋಡಿಕೊಂಡೆ, ಕಲೆಯಿರಲಿಲ್ಲ. ಅಣ್ಣನ ಬೆರಳನ್ನು ಎಳೆದು ನೋಡಿದೆವು, ಇತ್ತು. ವಿಚಿತ್ರವೆಂದರೆ ಸುಟ್ಟುಕೊಂಡವನಿಗೆ ಏನೂ ನೆನಪಿರಲಿಲ್ಲ. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗಿದ ಕಲೆಯೆಂದೇ ಅವನು ಇಷ್ಟು ದಿನ ಅಂದುಕೊಂಡಿದ್ದನಂತೆ. ಪ್ರತಿ ಆಲೆಮನೆಯ ಹಂಗಾಮಿನಲ್ಲೂ ನಮ್ಮನ್ನು ಕೊಪ್ಪರಿಗೆಯ ಹತ್ತಿರ ಬಿಡದಿರಲೆಂದು ಆಯಿ ಹೇಳುತ್ತಿದ್ದ ಕಥೆಯನ್ನು ಕೇಳಿ ಕೇಳಿ, ಅದಕ್ಕೆ ಹೊಗೆಯನ್ನೂ ಉರಿಯನ್ನೂ ಕೈಯಿಂದ ಹಾಕಿಕೊಂಡು, ನಾನು ಅದನ್ನು ನನ್ನದಾಗಿಸಿಕೊಂಡಿದ್ದೆ. ಅಣ್ಣನ ಆಸ್ತಿಯಲ್ಲಿ ನನಗೆ ಬಂದ ಪಾಲು ಅದೊಂದೇ ಎಂದು ಚಿಕ್ಕಮ್ಮ ನಕ್ಕಳು.

ಮಕ್ಕಳ ಬುದ್ಧಿ ಬೆಳೆಯುವ ಬಗೆಯನ್ನೇ ಬದುಕಿಡೀ ಅಭ್ಯಾಸ ಮಾಡಿದ ಜೀನ್ ಪಿಯಾಜೆಗೂ ಹೀಗೇ ಆಗಿತ್ತೆಂದು ತಿಳಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಪ್ಯಾರಿಸಿನ ಬೀದಿಯೊಂದರಲ್ಲಿ ತಳ್ಳುಗಾಡಿಯಲ್ಲಿದ್ದ ತನ್ನನ್ನು ಯಾರೋ ಎತ್ತಿಕೊಂಡು ಹೋಗಲು ಬಂದದ್ದು, ದಾದಿ ಅಡ್ಡ ನಿಂತು ಕಾದಾಡಿದ್ದು, ಅವಳ ಮುಖದ ತರಚು ಗಾಯಗಳು, ಎಲ್ಲ ಆತನ ಕಣ್ಣಿಗೆ ಕಟ್ಟಿದಂತಿತ್ತು. ಆತನಿಗೆ ಹದಿನೈದು ವರ್ಷವಾಗುವ ಸುಮಾರಿಗೆ ಆ ದಾದಿ ಪತ್ರ ಬರೆದು, ಅದೆಲ್ಲ ತಾನೇ ಕಟ್ಟಿದ ಕಥೆಯೆಂದು ಒಪ್ಪಿಕೊಂಡಳು. ಬಹುಮಾನವಾಗಿ ಬಂದ ಗಡಿಯಾರವನ್ನೂ ಮರಳಿಸಿದಳು. ಗಡಿಯಾರ ವಾಪಸಾಯಿತು, ನೆನಪು ವಾಪಸಾಗಲಿಲ್ಲ. ಬಹುಪಾಲು ಜನರ ಮೊದಲ ನೆನಪು ಮೂರರಿಂದ ಮೂರೂವರೆ ವರ್ಷದ ಆಸುಪಾಸಿನದು, ಅದಕ್ಕೂ ಹಿಂದಿನದನ್ನು ಶೈಶವ ವಿಸ್ಮೃತಿ ನುಂಗಿಬಿಡುತ್ತದೆ ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಹುಟ್ಟುವುದಕ್ಕೂ ಮೊದಲಿನದನ್ನು ನೆನಪಿಟ್ಟುಕೊಂಡಿದ್ದ ನಾನು ಅವರ ಲೆಕ್ಕಕ್ಕೆ ಸಿಗುವವನಲ್ಲ.

ಅಂದಿನಿಂದ ನಾನು ದೊಡ್ಡವರ ನೆನಪುಗಳಲ್ಲಿ ಯಾವ ಉಪಯೋಗಕ್ಕೂ ಬಾರದವನ್ನು ಹೆಚ್ಚು ನಂಬುತ್ತೇನೆ. ಗಾಂಧೀಜಿ ಪೋರಬಂದರಿನ ಶಾಲೆಯ ದಿನಗಳನ್ನು ನೆನೆಯುತ್ತ, ಮಗ್ಗಿ ಕಲಿಯುವುದು ಕಷ್ಟವಾಯಿತು, ಅದು ಬಿಟ್ಟರೆ ಉಳಿದ ಹುಡುಗರ ಜೊತೆ ಸೇರಿ ಮಾಸ್ತರರನ್ನು ಬೈಯಲು ಕಲಿತದ್ದಷ್ಟೇ ನೆನಪಿದೆ ಎಂದು ಬರೆದರು. ಮಹಾತ್ಮನಾಗುವ ಸೂಚನೆ ಅದರಲ್ಲಿ ಎಳ್ಳಷ್ಟೂ ಇಲ್ಲ. ಟಾಲ್‌ಸ್ಟಾಯ್‌ಗೆ ನೆನಪಿದ್ದದ್ದು ತನ್ನನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ್ದು, ಕೈ ಚಾಚಲಾಗದೆ ಅತ್ತದ್ದು, ಮತ್ತೆ ತೌಡಿನ ಹುಳಿವಾಸನೆಯ ನೀರಿನಲ್ಲಿ ಮೀಯಿಸಿದ್ದು. ಮೀಸಿ, ಸುತ್ತಿ, ತೊಟ್ಟಿಲಿಗೆ ಹಾಕಿದ ನಮ್ಮೂರಿನ ಯಾವ ಕೂಸಾದರೂ ಇದನ್ನೇ ಹೇಳೀತು.

ಈ ಸಾಲಿನಲ್ಲಿ ನಮ್ಮ ಜಿಲ್ಲೆಯ ಪಾಲೂ ಒಂದಿದೆ. 1883ರಲ್ಲಿ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ರವೀಂದ್ರನಾಥ ಠಾಕೂರರಿಗೆ ಆಗ ಇಪ್ಪತ್ತೆರಡು ವರ್ಷ. ಇಲ್ಲಿ ಬರೆದ ನಾಟಕವನ್ನು ತಮ್ಮ ಮುಂದಿನ ಸಾಹಿತ್ಯಕ್ಕೆಲ್ಲ ಮುನ್ನುಡಿ ಎಂದು ಅವರೇ ಕರೆದುಕೊಂಡರು, ಕಡಲತೀರಕ್ಕೆ ನಾವು ಅವರ ಹೆಸರಿಟ್ಟಿದ್ದೇವೆ. ಆದರೆ ಸುಮಾರು ಮೂವತ್ತು ವರ್ಷಗಳ ನಂತರ ನೆನಪುಗಳನ್ನು ಬರೆಯಲು ಕುಳಿತಾಗ, ನೆನಪೆಂಬುದು ಇತಿಹಾಸವಲ್ಲ, ಯಾರೋ ಚಿತ್ರಕಾರ ಒಳಗೆ ಕುಳಿತು ಬರೆಯುವ ಚಿತ್ರ ಎಂದು ಮೊದಲೇ ಹೇಳಿದ ಅವರು, ಕಾರವಾರದ ಸರದಿ ಬಂದಾಗ ಗಾಳಿಮರಗಳ ಸಾಲನ್ನೂ ಕಾಳಿ ನದಿಯ ಒಂದು ಬೆಳದಿಂಗಳ ರಾತ್ರಿಯನ್ನೂ ಬರೆದರು. ಸಣ್ಣ ದೋಣಿಯಲ್ಲಿ ನದಿಯ ಮೇಲಕ್ಕೆ ಹೋಗಿ, ಶಿವಾಜಿಯ ಕಾಲದ ಬೆಟ್ಟದ ಕೋಟೆಯೊಂದರ ಬಳಿ ಇಳಿದು, ರೈತನೊಬ್ಬನ ಮನೆಯ ಗುಡಿಸಿ ಚೊಕ್ಕಟವಾಗಿಟ್ಟ ಅಂಗಳದಲ್ಲಿ, ಬೆಳದಿಂಗಳು ಬಿದ್ದ ಕಡೆ ಕುಳಿತು, ತಂದ ಬುತ್ತಿಯನ್ನು ಉಂಡು, ಹೊಳೆಯ ಬಾಯಿಯಿಂದ ಮರಳಿನ ಮೇಲೆ ನಡೆದು ಮನೆಗೆ ಮರಳಿದರು. ಅಷ್ಟೇ.

ಕಾರವಾರಕ್ಕೆ ಹೋದಾಗಲೆಲ್ಲ ನನಗೆ ಆ ಅಂಗಳದ್ದೇ ಯೋಚನೆ. ಆ ಮನೆಯಲ್ಲಿ ಮೂರೂವರೆ ವರ್ಷದ ಮಗುವೊಂದು ನಿದ್ದೆ ಬಾರದೆ ಎದ್ದು ಬಂದು ಬಾಗಿಲ ಸಂದಿಯಿಂದ ನೋಡಿದ್ದಿರಬಹುದು. ಬೆಳದಿಂಗಳಲ್ಲಿ ಯಾರೋ ಬಂದರು, ಕೇಳದ ಭಾಷೆಯಲ್ಲಿ ಮಾತಾಡಿದರು, ನಮ್ಮ ಅಂಗಳದಲ್ಲಿ ಕುಳಿತು ಉಂಡರು, ದೋಣಿ ಹತ್ತಿ ಹೋದರು ಎಂದು ಅದು ಮುದಿಯಾದ ಮೇಲೂ ಹೇಳುತ್ತಿದ್ದರೆ, ಕೇಳಿದವರು ಕನಸು ಬಿದ್ದಿರಬೇಕೆಂದು ಸುಮ್ಮನಾಗಿಸಿರುತ್ತಾರೆ.