ಎರಡೇ ಎರಡು ಸೆಕೆಂಡು

12 ನಿಮಿಷಗಳ ಸಾಕ್ಷ್ಯಚಿತ್ರವೊಂದರ ಸಂಕಲನವನ್ನು 21 ದಿನಗಳಲ್ಲಿ ಮುಗಿಸಿಕೊಡುವುದಾಗಿ ಒಪ್ಪಿಕೊಂಡ ಸಂಜೆ ನಾನು ಮಾಡಿದ ಮೊದಲ ಕೆಲಸವೆಂದರೆ, ಬಣ್ಣಬಣ್ಣದ ವೇಳಾಪಟ್ಟಿಯೊಂದನ್ನು ಬರೆದು ಗೋಡೆಗೆ ಅಂಟಿಸಿದ್ದು. ಎಡಿಟಿಂಗಿಗೆ ಹಳದಿ, ಧ್ವನಿಗೆ ನೀಲಿ, ದೃಶ್ಯಗಳ ಬಣ್ಣ ತಿದ್ದುವ ಕಲರ್ ಗ್ರೇಡಿಂಗಿಗೆ ಹಸಿರು, ಕೊನೆಯ ಎರಡು ದಿನಗಳಿಗೆ ‘ವಿಶ್ರಾಂತಿ’ ಎಂಬ ಒಕ್ಕಣೆಯೊಂದಿಗೆ ಗುಲಾಬಿ. ಇಡೀ ಯೋಜನೆಯಲ್ಲಿ ಅಂದುಕೊಂಡ ಹೊತ್ತಿಗೆ ಮುಗಿದದ್ದು ಆ ಪಟ್ಟಿಯೊಂದೇ.

ಮೊದಲ ನಾಲ್ಕು ದಿನಗಳನ್ನು ಒಂದು ಸಂದರ್ಶನ ನುಂಗಿತು. ಅದನ್ನು ಫೋನಿನಲ್ಲಿ ಚಿತ್ರೀಕರಿಸಲಾಗಿತ್ತು. ಫೋನುಗಳು ಎಷ್ಟೋ ಸಲ ಸೆಕೆಂಡಿಗೆ ಇಷ್ಟೇ ಫ್ರೇಮು (ಬಿಡಿ ಚಿತ್ರ) ಎಂಬ ಲೆಕ್ಕಕ್ಕೆ ಕಟ್ಟುಬೀಳದೆ ವೇಗವನ್ನು ತುಸು ಏರಿಳಿಸುತ್ತವೆ. ಬೇರೆ ಮೈಕಿನಲ್ಲಿ ದಾಖಲಾದ ಧ್ವನಿಯಾದರೋ ನಿಷ್ಠೆಯಿಂದ ಒಂದೇ ವೇಗದಲ್ಲಿ ಸಾಗುತ್ತದೆ. ಹೀಗಾಗಿ ಆರಂಭದಲ್ಲಿ ಸರಿಯಾಗಿಯೇ ಮಾತನಾಡುತ್ತಿದ್ದ ಹಿರಿಯರು, ಕೊನೆಯ ಹೊತ್ತಿಗೆ ಬಾಯಿ ಮುಚ್ಚಿಕೊಂಡೇ ತಮ್ಮ ಬಾಲ್ಯವನ್ನು ವಿವರಿಸುತ್ತಿದ್ದರು.

ಹಾಗೂ ಹೀಗೂ ಹನ್ನೆರಡನೆಯ ದಿನ ‘ಪಿಕ್ಚರ್ ಲಾಕ್’ ಎಂದು ಘೋಷಿಸಿದೆ. ಇನ್ನು ಮೇಲೆ ಒಂದು ಫ್ರೇಮೂ ಅಲುಗಾಡುವುದಿಲ್ಲ ಎಂಬ ಭರವಸೆ ಸಿಕ್ಕ ಬಳಿಕವೇ ಧ್ವನಿ, ಸಬ್‌ಟೈಟಲ್ ಮತ್ತು ಬಣ್ಣದವರು ಕೆಲಸಕ್ಕೆ ಕೂರುವುದು. ಆದರೆ ಬೀಗ ಹಾಕುವವನು ಸಂಕಲನಕಾರನಾದರೂ ಕೀಲಿಕೈ ಇರುವುದು ಕೆಲಸ ಕೊಟ್ಟವರ ಕೈಯಲ್ಲಿ. ಹದಿನಾಲ್ಕನೆಯ ದಿನ ಫೋನು ಬಂದಿತು: “ಮೂರನೆಯ ನಿಮಿಷದಲ್ಲಿ ಬರುವ ಮರದ ದೃಶ್ಯದಿಂದ ಎರಡೇ ಎರಡು ಸೆಕೆಂಡು ತೆಗೆದುಬಿಡಿ. ಐದು ನಿಮಿಷದ ಕೆಲಸವಲ್ಲವೇ?”

ಐದು ನಿಮಿಷವೂ ಬೇಕಾಗಲಿಲ್ಲ, ನಿಜ. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ 50 ಫ್ರೇಮುಗಳನ್ನು ಕತ್ತರಿಸಿ ಎಸೆದು, ಆ ಚುರುಕುತನಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಆದರೆ ಮರದ ನಂತರದ ಒಂಬತ್ತು ನಿಮಿಷಗಳಷ್ಟು ಚಿತ್ರವೆಲ್ಲ ಈಗ ಎರಡು ಸೆಕೆಂಡು ಮೊದಲೇ ಬರುತ್ತದೆಂಬ ಸಂಗತಿಯನ್ನು ಧ್ವನಿ ಮಿಶ್ರಣ ಮಾಡುತ್ತಿದ್ದವರಿಗೆ ತಿಳಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. (ಇದು ನನ್ನದೇ ತಪ್ಪು; ವೇಳಾಪಟ್ಟಿಯಲ್ಲಿ ‘ತಿಳಿಸುವುದು’ ಎಂಬುದಕ್ಕೆ ನಾನು ಬಣ್ಣವನ್ನೇ ಕೊಟ್ಟಿರಲಿಲ್ಲ.) ಅವರು ಹಳೆಯ ಪ್ರತಿಗೇ ಶ್ರದ್ಧೆಯಿಂದ ಧ್ವನಿ ಜೋಡಿಸಿದರು. ಪ್ರಾಯೋಗಿಕ ಪ್ರದರ್ಶನದಲ್ಲಿ ಮನೆಯ ಬಾಗಿಲು ಮುಚ್ಚಿಕೊಂಡು, ಎಲ್ಲರೂ ನಿಟ್ಟುಸಿರು ಬಿಟ್ಟು, ಆಮೇಲೆ ‘ಧಡಾರ್’ ಎಂದಿತು. ನೋಡುತ್ತಿದ್ದವರಲ್ಲೊಬ್ಬರು ಇದು ವಿಷಾದವನ್ನು ಸೂಚಿಸುವ ತಂತ್ರವೇ ಎಂದು ಗೌರವದಿಂದ ಕೇಳಿದರು. ಹೌದೆಂದುಬಿಡಲು ನಾಲಿಗೆ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ತೆರೆಯ ಮೇಲೆ ನಾಯಿ ಬೊಗಳಿ ಸುಮ್ಮನಾಯಿತು, ಬೊಗಳಿದ ಸದ್ದು ಆಮೇಲೆ ಬಂದಿತು.

ಸಬ್‌ಟೈಟಲುಗಳ ಪಾಡೂ ಇದೇ. ಗುಲಾಬಿ ಬಣ್ಣದ ಎರಡೂ ದಿನ ಅವುಗಳನ್ನು ಸರಿಸುತ್ತ ಕುಳಿತೆ. ಕೊನೆಗೆ, ಗಡುವು ಮೀರಿದ ಐದನೆಯ ರಾತ್ರಿ, ಎಲ್ಲವನ್ನೂ ಬೆಸೆದು ಒಂದೇ ವಿಡಿಯೋ ಕಡತವಾಗಿಸುವ ರೆಂಡರಿಂಗಿಗೆ ಹಾಕಿ, ಪರದೆಯ ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ನಿಶ್ಚಿಂತೆಯಿಂದ ಮಲಗಿದೆ. ಮುಚ್ಚಳ ಮುಚ್ಚಿದರೆ ಅದೂ ಮಲಗುತ್ತದೆಂಬುದು ನೆನಪಾದದ್ದು ಬೆಳಗಾದ ಮೇಲೆ. ಇಬ್ಬರಿಗೂ ಒಳ್ಳೆಯ ನಿದ್ದೆಯಾಗಿತ್ತು.

ಮುಂದಿನ ಕೆಲಸಕ್ಕೆ ಹೊಸ ಪಟ್ಟಿ ಬರೆದಿದ್ದೇನೆ. ಅದರಲ್ಲಿ ಪಿಕ್ಚರ್ ಲಾಕಿನ ಬಳಿಕ ಕೆಂಪು ಬಣ್ಣದ ಮೂರು ದಿನಗಳಿದ್ದು, ಅವುಗಳ ಮೇಲೆ ‘ಎರಡು ಸೆಕೆಂಡು’ ಎಂದು ಬರೆದಿದೆ. ಒಪ್ಪಿಗೆಗೆಂದು ಕಳುಹಿಸಿದ್ದೆ, ಎರಡು ಸೆಕೆಂಡಿಗೆ ಮೂರು ದಿನವೇಕೆ, ಅದನ್ನು ತೆಗೆದುಬಿಡಿ ಎಂದು ಉತ್ತರ ಬಂದಿದೆ.